ಕೊನೆಯ ಪುಟ ಬರೆಯುವ ನೀಲಕ್ಕ

ಬೆಳಗಿನ ಜಾವ ಯಶವಂತಪುರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಡೆದರೆ ಮೈದಾ ಹಿಟ್ಟು ಬೇಯುವ ವಾಸನೆ ಮೂಗಿಗೆ ಬಡಿಯುತ್ತದೆ. ಯಾರ ಮನೆಯಲ್ಲೋ ತಿಂಡಿ ಆಗುತ್ತಿದೆ ಎಂದು ಬಾಯಲ್ಲಿ ನೀರೂರಿಸಿಕೊಂಡವರು ಮೋಸ ಹೋದರು. ಅದು ನೀಲಕ್ಕ ಪುಸ್ತಕಗಳಿಗೆಂದು ಕುದಿಸುವ ಅಂಟು. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೇರೆ ಹಾಕಿರುತ್ತಾರೆ, ನೆಕ್ಕಿ ನೋಡುವ ಸಾಹಸ ಯಾರೂ ಮಾಡದಿರುವುದು ಒಳ್ಳೆಯದು.

ಗುಂಡಣ್ಣನವರ ಬಾಡಿಗೆ ಪುಸ್ತಕದ ಅಂಗಡಿಯ ಹಿಂದೆ, ಪರದೆ ಇಳಿಬಿಟ್ಟ ಒಂದು ಕೋಣೆ. ಅಲ್ಲಿ ನೆಲದ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಬ್ಬಳ ಹಿಡಿದರೆ ನೀಲಕ್ಕ ತಲೆ ಎತ್ತುವುದು ಗಂಡನ ಡಬ್ಬಿ ಕಟ್ಟುವ ಹೊತ್ತಿಗೆ. ದಿನಾ ಅವರ ಕೆಲಸ ಹರಿದದ್ದನ್ನು ಹೊಲಿಯುವುದು. ಈ ಸೋಮವಾರ ಮಾತ್ರ ಉಲ್ಟಾ. ತಾವೇ ಹೊಲಿದದ್ದನ್ನು ತಾವೇ ಬಿಚ್ಚುತ್ತಿದ್ದಾರೆ. ಆರು ಕಾಮಿಕ್ಸ್ ಪುಸ್ತಕಗಳ ಕೊನೆಯ ಪುಟಗಳು, ಆರೂ ಅವರ ಕೈಯಾರೆ ಬರೆದು ಬಣ್ಣ ತುಂಬಿದವು, ಇವತ್ತು ಹೊರಗೆ ಬರಬೇಕು. ಹಾಗೆಂದು ನಿನ್ನೆ ಭಾನುವಾರ ಹಿರಿಯ ಮೆಂಬರುಗಳು ಸೇರಿ ತೀರ್ಮಾನಿಸಿದ್ದಾರೆ.

"ಬಿಚ್ಚೂದು ಹೊಲಿಯೂದಕ್ಕಿಂತ ಸಲೀಸ್ರಿ," ಅನ್ನುತ್ತಾರೆ ನೀಲಕ್ಕ. ಆದರೆ ದಾರ ಎಳೆಯುವ ಕೈ ಅಷ್ಟು ಸಲೀಸಾಗಿ ಓಡುತ್ತಿಲ್ಲ.

ನೀಲಕ್ಕ ಗದಗಿನವರು. ತಂದೆ ಅಲ್ಲಿನ ಒಂದು ಬೈಂಡಿಂಗ್ ಅಂಗಡಿಯಲ್ಲಿದ್ದರು. ಮಗಳು ಏಳನೇ ಇಯತ್ತೆ ಮುಗಿಸಿ ಅದೇ ಅಂಗಡಿಯಲ್ಲಿ ರಟ್ಟು ಕತ್ತರಿಸುತ್ತ, ಲಗ್ನಪತ್ರಿಕೆಯ ಅಂಚಿನ ಬಳ್ಳಿಗಳನ್ನು ನೋಡಿ ನೋಡಿ ಚಿತ್ರ ಕಲಿತರು. ಗಂಡ ವೀರಬಸಪ್ಪನವರಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಸಿಕ್ಕಿದಾಗ, ಎಪ್ಪತ್ತೊಂದರಲ್ಲಿ, ಒಂದು ಟ್ರಂಕು ಹೊತ್ತು ಇಬ್ಬರೂ ಇದೇ ಸ್ಟೇಷನ್ನಿನಲ್ಲಿ ಇಳಿದರು. ಮೊದಲ ವರ್ಷ ಇಲ್ಲಿನ ಕನ್ನಡವೇ ಕೈಕೊಟ್ಟಿತಂತೆ. ಮಾತಾಡಿದರೆ ನಗುತ್ತಾರೆಂದು ಬಾಯಿ ಮುಚ್ಚಿಕೊಂಡೇ ತರಕಾರಿ ಕೊಂಡರು. ಆ ಒಂಟಿತನದಲ್ಲಿ ಗುಂಡಣ್ಣನವರ ಅಂಗಡಿಯ ಹರಿದ ಪುಸ್ತಕಗಳ ರಾಶಿ ಕಣ್ಣಿಗೆ ಬಿತ್ತು. "ಹರಕ ಪುಸ್ತಕ ನೋಡಿದ್ರ ಕೈ ಸುಮ್ಮನಿರಂಗಿಲ್ರಿ. ಒಳಗ ಹೋಗಿ ಕೇಳೇಬಿಟ್ಟೆ." ಅಂದಿನಿಂದ ದಿನಕ್ಕೆ ನಾಲ್ಕೈದು ಪುಸ್ತಕ ಅವರ ಕೈಯಲ್ಲಿ ಮರುಜನ್ಮ ಪಡೆಯುತ್ತವೆ. ಪುಸ್ತಕದ ಮೇಲೆ ಗುಂಡಣ್ಣನವರ ಅಂಗಡಿಯ ಮೊಹರು ಇರುತ್ತದೆ. ಹೊಲಿದವರ ಹೆಸರು ಯಾವ ಪುಸ್ತಕದ ಮೇಲೂ ಇರುವುದಿಲ್ಲ, ಬಿಡಿ.

ಈಗ ಆ ಕಾಮಿಕ್ಸುಗಳ ಹೀರೋ ಮುಗಿಲಮಲ್ಲನ ವಿಚಾರ. ಈ ಭಾಗದಲ್ಲಿ ಮೂವತ್ತು ದಾಟಿದ ಯಾರನ್ನು ಕೇಳಿದರೂ ಮುಗಿಲಮಲ್ಲನನ್ನು ಬಲ್ಲರು. ಕಣ್ಣಿಗೆ ನೀಲಿ ಮುಸುಕು, ಬೆನ್ನಿಗೆ ಕೆಂಪು ವಸ್ತ್ರ, ಮಾಳಿಗೆಯಿಂದ ಮಾಳಿಗೆಗೆ ಹಾರಿ ಕೇಡಿಗಳನ್ನು ಸದೆಬಡಿಯುವ ಗಂಡು. ಚಿತ್ರ ಬರೆದವರು ವಿದೇಶಿ ಪುಸ್ತಕಗಳನ್ನು ಮುಂದಿಟ್ಟುಕೊಂಡಿದ್ದರೋ ಏನೋ, ನಮ್ಮೂರ ಮುಗಿಲಮಲ್ಲ ಮಾತ್ರ ಗುಲಾಬಿ ಬಣ್ಣದವನು. ಜೊತೆಗೆ ತಾರಾಮಣಿ ಅಂತ ಒಬ್ಬ ಹುಡುಗಿ. ಪ್ರತಿ ಪುಸ್ತಕದಲ್ಲೂ ಯಾರೋ ಅವಳನ್ನು ಕಂಬಕ್ಕೆ ಕಟ್ಟಿಹಾಕುತ್ತಾರೆ, ಪ್ರತಿ ಪುಸ್ತಕದಲ್ಲೂ ಮುಗಿಲಮಲ್ಲ ಬಂದು ಬಿಡಿಸುತ್ತಾನೆ. ಅವಳಿಗೆ ಬೇರೆ ಕೆಲಸವಿಲ್ಲ. ಅಚ್ಚು ಹಾಕುತ್ತಿದ್ದ ಪ್ರೆಸ್ಸು ಮುಚ್ಚಿ ಹತ್ತು ವರ್ಷ ಕಳೆಯಿತು. ಇರುವ ಪ್ರತಿಗಳೇ ಕಡೆಯ ಪ್ರತಿಗಳು.

ಬಾಡಿಗೆ ಪುಸ್ತಕದಲ್ಲಿ ಮೊದಲು ಕಳೆದುಹೋಗುವುದು ಕೊನೆಯ ಪುಟ. ಹಿಂದಿನ ರಟ್ಟು ಸಡಿಲವಾಗುತ್ತದೆ, ಅದರ ಜೊತೆ ಕತೆಯ ಅಂತ್ಯವೂ ಹೊರಟುಹೋಗುತ್ತದೆ. "ಕೊನೇಲಿ ಏನಾಯ್ತು ಗುಂಡಣ್ಣ?" ಎಂದು ಮೆಂಬರುಗಳು ಕೇಳಿದರೆ ಗುಂಡಣ್ಣ ಕಟ್ಟೆಯ ಮೇಲೆ ಕೂತು ಬಾಯಲ್ಲೇ ಕತೆ ಮುಗಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಥರ. ಪರದೆಯ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದ ನೀಲಕ್ಕ ಒಂದು ದಿನ ಬಿಳಿ ಹಾಳೆ ತೆಗೆದುಕೊಂಡು, ಗುಂಡಣ್ಣ ಹೇಳಿದ ಪ್ರಕಾರವೇ 'ಏಳನೇ ಸುರಂಗ' ಎಂಬ ಮುಗಿಲಮಲ್ಲನ ಪುಸ್ತಕಕ್ಕೆ ಕೊನೆಯ ಪುಟ ಬರೆದರು.

ಯಡವಟ್ಟು ಆದದ್ದು ಅಲ್ಲೇ. ಹಳೇ ಪುಸ್ತಕಕ್ಕೆ ಹೊಸ ಹಾಳೆ ಸೇರಿಸುವಾಗ ಬಿಳುಪು ಎದ್ದು ಕಾಣಬಾರದೆಂದು ಅದನ್ನು ತಿಳಿ ಚಹಾದಲ್ಲಿ ಅದ್ದಿ ಒಣಗಿಸುವುದು ನೀಲಕ್ಕನ ತಂದೆ ಹೇಳಿಕೊಟ್ಟ ಪದ್ಧತಿ. ಅದ್ದಿ, ಒಣಗಿಸಿ, ಆಮೇಲೆ ಬರೆಯಬೇಕು. ಅವತ್ತು ಚಿತ್ರದ ಹುರುಪಿನಲ್ಲಿ ಅದು ಮರೆತೇಹೋಯಿತು. ಬರೆದು, ಬಣ್ಣ ತುಂಬಿ, ಆಮೇಲೆ ನೆನಪಾಗಿ ಚಹಾದಲ್ಲಿ ಅದ್ದಿದ ಬಟ್ಟೆ ಸವರಿದರು. ಗುಲಾಬಿ ಬಣ್ಣ ಕದಡಿಹೋಯಿತು, ಅದರ ಜಾಗಕ್ಕೆ ಚಹಾದ ಕಂದು ಇಳಿಯಿತು.

"ಒಣಗಿದ ಮ್ಯಾಲ ನೋಡ್ತೀನಿ, ಮುಗಿಲಮಲ್ಲನ ಮಾರಿ ನಮ್ಮ ಓಣಿ ಹುಡುಗನ ಗತೆ ಆಗೇತಿ! ಮೊದಲು ಎದಿ ಧಸಕ್ ಅಂತು. ಆಮ್ಯಾಲ ನೋಡಿದೆ, ನೋಡಿದೆ... ಛಲೋ ಕಾಣಾಕತ್ತಿದ್ದ. ಹಂಗ ಹೊಲಿದುಬಿಟ್ಟೆ."

ಮುಂದಿನ ಐದು ಪುಟಗಳಿಗೆ ಚಹಾದ ನೆಪ ಬೇಕಾಗಲಿಲ್ಲ. ಸ್ವಂತ ಮುಂಗೈ ನೋಡಿಕೊಂಡು ಬಣ್ಣ ಕಲಸಿದರು. ಇನ್ನು ತಾರಾಮಣಿ. ಅವಳ ಕಟ್ಟು ಹೇಗೆ ಬಿಚ್ಚಿತೆಂದು ಗುಂಡಣ್ಣ ಹೇಳುತ್ತಲೇ ಇರಲಿಲ್ಲ, ಅವರಿಗೆ ಹೊಡೆದಾಟ ಮುಗಿದರೆ ಕತೆ ಮುಗಿದಂತೆ. ಹೇಳದೇ ಬಿಟ್ಟ ಜಾಗವನ್ನು ನೀಲಕ್ಕನೇ ತುಂಬಬೇಕಲ್ಲ. ತುಂಬಿದರು. ಅವರ ಪುಟಗಳಲ್ಲಿ ತಾರಾಮಣಿ ಹಗ್ಗವನ್ನು ತಾನೇ ಬಿಚ್ಚಿಕೊಂಡು ಅದೇ ಹಗ್ಗದಲ್ಲಿ ಕೇಡಿಯ ಕೈಕಾಲು ಬಿಗಿಯುತ್ತಾಳೆ.

ವರ್ಷಗಟ್ಟಲೆ ಯಾರೂ ಚಕಾರ ಎತ್ತಲಿಲ್ಲ. ಕಳೆದ ತಿಂಗಳು ಆರ್.ಟಿ. ನಗರದಿಂದ ಸೈಕಲ್ಲಿನಲ್ಲಿ ಬರುವ ಶೇಷಗಿರಿ, ಯಾವುದೋ ಕಚೇರಿಯಲ್ಲಿ ಗುಮಾಸ್ತರು, ಮನೆಯಲ್ಲಿ ಸ್ವಂತ ಪ್ರತಿ ಇದ್ದರೂ, ಹಳೇ ನೆನಪಿಗೆಂದು ಅಂಗಡಿಯ 'ಏಳನೇ ಸುರಂಗ'ವನ್ನೇ ಬಾಡಿಗೆಗೆ ಒಯ್ದರು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಆರಂಭವಾದ ಜಗಳ ಅಂಗಡಿಯ ಬೆಂಚಿನ ಮೇಲೆ ವಾರ ವಾರವೂ ಮುಂದುವರಿದು ನಿನ್ನೆ ಪಂಚಾಯಿತಿಯೇ ಸೇರಿತು.

"ಗುಂಡಣ್ಣ, ಹುಟ್ಟಿದಾಗ ಹೆಂಗಿದ್ನೋ ಹಂಗೇ ಇರ್ಬೇಕು ಕಣ್ರೀ ಮುಗಿಲಮಲ್ಲ," ಎಂದರು ಶೇಷಗಿರಿ. "ಬೇರೆ ಬಣ್ಣದೋನು ಬೇಕಾ, ಬೇರೆ ಹೆಸರಿಟ್ಟು ಬೇರೆ ಹೀರೋನ ಬರ್ಕೊಳ್ಲಿ. ಬೇಡ ಅಂದೋರ್ಯಾರು?"

ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ತೂಗುವ ಮುಕ್ತಾರ್ ಕೂಡ ಹಳೇ ಹುಲಿ. ಶೇಷಗಿರಿಯವರಷ್ಟೇ ವರ್ಷದಿಂದ ಓದುತ್ತ ಬಂದವರು. ಅವರು ಒಪ್ಪಲಿಲ್ಲ. "ಏನ್ ಗುರು ನೀನು! ಅವ್ನು ಹಗಲೆಲ್ಲಾ ಬಿಸಿಲಲ್ಲಿ ಮಾಳಿಗೆ ಮೇಲೆ ಹಾರ್ತಾನೆ. ಇಷ್ಟೊರ್ಷ ಗುಲಾಬಿಯಾಗಿದ್ದಿದ್ದೇ ಆಶ್ಚರ್ಯ. ಈಗ್ಲಾದ್ರೂ ನಮ್ ಥರ ಕಾಣ್ತಾನೆ, ಖುಷಿ ಪಡು."

"ನಿಮಗೆ ತಮಾಷೆ," ಎಂದರು ಶೇಷಗಿರಿ. "ನನಗೆ ಹನ್ನೊಂದು ವರ್ಷ ಇದ್ದಾಗ ಟೈಫಾಯ್ಡ್ ಆಗಿತ್ತು. ನಮ್ಮಪ್ಪ ಮಲ್ಲೇಶ್ವರದಿಂದ ಇಲ್ಲಿಗೆ ನಡ್ಕೊಂಡ್ ಬಂದು, ಬಾಡಿಗೆಗೆ ಒಯ್ದು ನನ್ನ ದಿಂಬಿನ ಪಕ್ಕ ಇಟ್ಟಿದ್ದು ಇದೇ ಪುಸ್ತಕ. ಈಗ ಅಪ್ಪ ಇಲ್ಲ. ಮುಗಿಲಮಲ್ಲ ಆದ್ರೂ ಅವತ್ತಿನ ಥರಾನೇ ಇರ್ಲಿ ಅಂದ್ರೆ ತಪ್ಪಾ?"

ಇದಕ್ಕೆ ಮುಕ್ತಾರ್ ಕೂಡ ತಲೆಯಾಡಿಸಿದರು. ಶೇಷಗಿರಿ ತಮ್ಮ ಮನೆಯಲ್ಲಿ ಜೋಪಾನವಾಗಿಟ್ಟ ಆರೂ ಮೂಲ ಪ್ರತಿಗಳನ್ನು ತಂದುಕೊಡುವುದು, ಅವುಗಳ ಮೇಲೆ ತೆಳು ಕಾಗದ ಇಟ್ಟು ಕೊನೆಯ ಪುಟಗಳನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿಸುವುದು, ನೀಲಕ್ಕನ ಪುಟ ತೆಗೆಸುವುದು ಎಂದಾಯಿತು. ನೀಲಕ್ಕನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪರದೆಯ ಹಿಂದೆ ಅವರು ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದರು. ವಿಚಿತ್ರವೆಂದರೆ, ಆ ಟೈಫಾಯ್ಡಿನ ಹುಡುಗನನ್ನು ನೆನೆದು ಶೇಷಗಿರಿಯವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅದಕ್ಕೇ ಈ ಬೆಳಗಿನ ಬಿಚ್ಚುವ ಕೆಲಸ. ಆರು ಪುಟಗಳೂ ಹೊರಬಂದವು. ಬೈಂಡಿಂಗ್ ಮಾಡುವವರ ಮನೆಯಲ್ಲಿ ಕಾಗದ ಬಿಸಾಡುವ ರೂಢಿಯಿಲ್ಲ. ಬೇಡವಾದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿದರೆ ಗಟ್ಟಿ ರಟ್ಟಾಗುತ್ತದೆ. ಅದರ ಮೇಲೆ ಬಟ್ಟೆ ಹೊದಿಸಿದರೆ ಪುಸ್ತಕಕ್ಕೆ ಹೊಸ ಮೈ. ನೀಲಕ್ಕ ಬಿಸಿ ಅಂಟು ಸವರಿ, ತಮ್ಮ ಮುಗಿಲಮಲ್ಲನನ್ನು ಹಳೇ ಕ್ಯಾಲೆಂಡರ್ ಹಾಳೆಗಳ ನಡುವೆ ಮಲಗಿಸುತ್ತಾರೆ. ಆರನೆಯದನ್ನು ಅಂಟಿಸುವ ಮುಂಚೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನೋಡುತ್ತಾರೆ. ಆಮೇಲೆ ಅದೂ ಒಳಗೆ ಹೋಗುತ್ತದೆ. ಮೇಲೆ ರುಬ್ಬುಗುಂಡು ಹೇರುತ್ತಾರೆ.

ಎಂಟರ ಹೊತ್ತಿಗೆ ಬಾಗಿಲಲ್ಲಿ ಸೈಕಲ್ ಬೆಲ್ಲು. ಶೇಷಗಿರಿ. ಆಫೀಸಿನ ಇಸ್ತ್ರಿ ಶರಟು, ಹ್ಯಾಂಡಲಿಗೆ ಊಟದ ಡಬ್ಬಿ. ಗುಂಡಣ್ಣ ಇನ್ನೂ ಬಂದಿಲ್ಲ. ನೀಲಕ್ಕ ಇಲ್ಲಿ ಹೊಲಿಯಲು ಕೂತ ಹನ್ನೆರಡು ವರ್ಷದಲ್ಲಿ ಮೊದಲ ಸಲ ಶೇಷಗಿರಿ ಪರದೆ ಸರಿಸಿ ಒಳಗೆ ಇಣುಕುತ್ತಾರೆ.

"ನೀಲಕ್ಕ... ಆ ಹಾಳೆಗಳು, ಬಿಚ್ಚಿಬಿಟ್ರಾ?"

"ಬಿಚ್ಚೇನ್ರಿ. ನೀವ ಹೇಳಿದ್ರಲ್ಲ."

"ಅಲ್ಲ, ಅದ್ರಲ್ಲಿ ಒಂದು ಕೊಡ್ತೀರಾ ಅಂತ. ಸುರಂಗದ್ದು. ಮನೇಲಿ ಕೇಳ್ತಿದಾರೆ."

ಮನೆಯಲ್ಲಿ ಕೇಳುತ್ತಿರುವವರು ಅವರ ಹೆಂಡತಿ ಸತ್ಯವತಿ. ಗಂಡನ ಕಾಮಿಕ್ಸ್ ಹುಚ್ಚನ್ನು ಮದುವೆಯಾದಾಗಿನಿಂದ ಆಡಿಕೊಂಡು ಬಂದವರು, ಒಂದು ಪುಟ ಓದಿದವರಲ್ಲ. ತಿಂಗಳ ಹಿಂದೆ ಶೇಷಗಿರಿ ಸಿಟ್ಟಿನಿಂದ 'ಏಳನೇ ಸುರಂಗ'ದ ಕೊನೆಯ ಪುಟವನ್ನು ಅಡುಗೆಮನೆಗೇ ತಂದು ತೋರಿಸಿದರಂತೆ. ಆಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ನೋಡಿ, "ಅಂತೂ ಈ ಹುಡುಗಿಗೂ ಎರಡು ಕೈ ಇದೆ ಅಂತ ಯಾರಿಗೋ ಗೊತ್ತಾಯ್ತಲ್ಲ," ಎಂದು ನಕ್ಕರು. ಅಂದಿನಿಂದ ಆ ಪುಸ್ತಕ ಅಡುಗೆಮನೆಯ ಡಬ್ಬಿಗಳ ಪಕ್ಕವೇ ಇತ್ತು. ನಿನ್ನೆ ಶೇಷಗಿರಿ ಅದನ್ನು ಒಯ್ದು ಅಂಗಡಿಗೆ ಕೊಟ್ಟು, ಗೆದ್ದ ಸುದ್ದಿಯನ್ನು ಮನೆಗೆ ಹೊತ್ತು ತಂದರೆ, ಸತ್ಯವತಿ ಅನ್ನ ಬಡಿಸಿ ಇಷ್ಟೇ ಹೇಳಿದರಂತೆ: "ನಿಮ್ಮದು ನೀವು ವಾಪಸ್ ತಗೊಂಡ್ರಿ ಸರಿ. ನಂದೆಲ್ಲಿ?"

ನೀಲಕ್ಕ ರುಬ್ಬುಗುಂಡು ಸರಿಸಿ ಹಸಿ ರಟ್ಟು ತೋರಿಸುತ್ತಾರೆ. "ಇದರೊಳಗ ಐತ್ರಿ. ಈಗ ಕಿತ್ತಿದ್ರ ಹರೀತೈತಿ."

ಶೇಷಗಿರಿ ರಟ್ಟಿನ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. ಬೆರಳಿಗೆ ಅಂಟು ಮೆತ್ತಿಕೊಳ್ಳುತ್ತದೆ. "ಇನ್ನೊಂದು ಬರೆದುಕೊಡೋಕಾಗಲ್ವಾ?"

"ಬರೀಬಹುದ್ರಿ. ಆದ್ರ ಕಡೀ ಹಾಳಿ ಬರದು ಬರದು ಸಾಕಾಗೇತಿ. ಯಾರೋ ಚಾಲೂ ಮಾಡಿದ ಕತಿ ನಾ ಮುಗಿಸೂದು. ಒಮ್ಮೆ ಮೊದಲನೇ ಹಾಳಿ ಬರೀಬೇಕಂತ ಭಾಳ ಆಸೆ ಐತ್ರಿ ನನಗ."

"ಹೊಸಾ ಕತೆನಾ? ಮುಗಿಲಮಲ್ಲಂದೇ?"

"ಮತ್ಯಾರದ್ರಿ? ಅವನೂ, ತಾರಾಮಣೀನೂ."

ಶೇಷಗಿರಿ ಬೆರಳಿನ ಅಂಟನ್ನು ಕರ್ಚೀಫಿಗೆ ಒರೆಸುತ್ತಾರೆ. ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡ್ ತೆಗೆಯುತ್ತಾರೆ. ಏನೋ ನೆನಪಾದವರಂತೆ ಮತ್ತೆ ಸ್ಟ್ಯಾಂಡ್ ಹಾಕಿ ಪರದೆಯವರೆಗೂ ಬರುತ್ತಾರೆ.

"ಒಳ್ಳೇ ಡ್ರಾಯಿಂಗ್ ಹಾಳೆ ನಾನ್ ತಂದ್ಕೊಡ್ತೀನಿ. ಆದ್ರೆ ಮುಸುಕು ಮಾತ್ರ ನೀಲಿನೇ ಇರ್ಬೇಕು, ಈಗ್ಲೇ ಹೇಳಿದೀನಿ."

ನೀಲಕ್ಕ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಮುಸುಕು ನೀಲೀನ ಇರ್ಲಿ ತಗೋರಿ," ಅನ್ನುತ್ತಾರೆ. "ಮೈಬಣ್ಣ ನನಗ ಬಿಡ್ರಿ."