ನಾನು ಮುಚ್ಚಿದ ಕಂಡಿ

ಜರೀನಾ, ನಿನ್ನ ಕೋಟೆಗೋಡೆಯ ಕಂಡಿಯನ್ನು ಮುಚ್ಚಿದ್ದು ಕರಗಿದ ಕಂಚಲ್ಲ—ನಾನು. ಇಷ್ಟು ವರ್ಷ ನಿನ್ನೆದುರು ಕೂತು ಚಹಾ ಕುಡಿದೆ, ನಕ್ಕೆ; ಇದೊಂದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ, ನನ್ನ ಎರಕದ ಮನೆಗೆ, ನೀನೇ ಮೇಣದಲ್ಲಿ ಮಾಡಿದ ಆ ಊರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆ. ಯುದ್ಧದಲ್ಲಿ ಒಡೆದ ಊರುಗಳು ಅದರಲ್ಲಿದ್ದವು—ಅಲೆಪ್ಪೋದ ಕಮಾನು, ಮೋಸುಲ್‌ನ ಮಿನಾರು, ಸುತ್ತಲೂ ನಿಮ್ಮ ಶ್ರೀರಂಗಪಟ್ಟಣದ ಕೋಟೆ. ಫಿರಂಗಿಗೆ ಗೋಡೆ ಒಡೆದು ಸೈನ್ಯ ನುಗ್ಗಿದ ಕಂಡಿಯ ಒಂದೊಂದು ಕಲ್ಲನ್ನೂ ನೀನು ಉಗುರಿನಲ್ಲೇ ತಿದ್ದಿದ್ದೆ. ದೇವರ ವಿಗ್ರಹ ಬಿಟ್ಟು ಬೇರೇನೂ ಎರಕ ಹೊಯ್ಯದ ನಾನೂ ಅದನ್ನು ಕಂಚಿನಲ್ಲಿ ಹೊಯ್ಯಲು ಒಪ್ಪಿಕೊಂಡೆ. ಒಬ್ಬ ಮನುಷ್ಯನನ್ನೂ ಮಾಡದೆ, ಬರೀ ಗೋಡೆ ಕಮಾನುಗಳಲ್ಲಿ ಸತ್ತವರನ್ನು ನೆನೆಸುವ ಕೈ—ಅಂಥದ್ದನ್ನು ನಾನು ಬೇರೆ ಕಂಡಿಲ್ಲ.

"ಬ್ಯಾರೆ ಏನಾರಾ ಆಗ್ಲಿ ಅಣ್ಣಾ, ಈ ಕಂಡಿ ಮಾತ್ರ ಇಂಗೇ ಇರ್ಬೇಕು," ಅಂದಿದ್ದೆ ನೀನು.

ನಾನು ತಲೆಯಾಡಿಸಿದೆ. ಆದರೂ... ಒಡೆದು ಭಿನ್ನವಾದ ಮೂರ್ತಿ ನಮ್ಮ ಮನೆಯ ಹೊಸ್ತಿಲು ದಾಟಬಾರದು. ದಾಟಿದರೆ ಎರಕದವನ ಹೆಸರಿಗೆ ಕುಂದು. ಅಚ್ಚು ಮಾಡಲು ನಿನ್ನ ಊರಿನ ಮೇಲೆ ಮಣ್ಣು ಮೆತ್ತುವ ಮೊದಲು ಚೂರು ಮೇಣ ಬಿಸಿ ಮಾಡಿ ಆ ಕಂಡಿಗೆ ತುಂಬಿದೆ. ನಿನಗೆ ಗೊತ್ತಾಗದು ಅಂದುಕೊಂಡೆ—ಎಂಥ ಪೆದ್ದ ನಾನು! ಅಚ್ಚು ಕಾಯಿಸಿದಾಗ ನಿನ್ನ ಮೇಣದೂರು ಕರಗಿ ಹರಿದುಹೋಯಿತು; ಆ ಟೊಳ್ಳಿಗೆ ಕಂಚು ಹೊಯ್ದೆ. ಇನ್ನೊಮ್ಮೆ ಹೊಯ್ಯಲು ಮಾದರಿಯೂ ಉಳಿಯಲಿಲ್ಲ.

ಅಚ್ಚು ಒಡೆದ ದಿನ ನೀನು ಮೊದಲು ಮುಟ್ಟಿದ್ದು ಆ ಜಾಗವನ್ನೇ.

"ಮುಚ್ಕೊಂಡ್ಬುಟ್ಟದಲ್ಲಣ್ಣಾ?"

"ಕಂಚು ನುಗ್ಬುಡ್ತು ಕಣವ್ವಾ. ನಿನ್ ಮೇಣ್ವೇ ಸರ್ಯಾಗಿರ್ನಿಲ್ಲ."

"ಅಂಗಾದ್ರೆ ನನ್ ಕೈದೇ ತಪ್ಪು ಬುಡಣ್ಣಾ."

ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನೀನು ಮೇಣವನ್ನೇ ಮುಟ್ಟಲಿಲ್ಲ.

ನೋಡಿದವರೆಲ್ಲ ಆ ಊರನ್ನು ಹೊಗಳಿದರು. ನಾನೂ ಹೊಗಳಿದೆ, ಅದು ಸುಳ್ಳಲ್ಲ. ಆದರೆ ಅಂಥ ಕೈಯನ್ನು ಸುಮ್ಮನಾಗಿಸಿದವನು ನಾನೇ ಎಂದು ತಿಳಿದೂ... ನಾಚಿಕೆಯಾಗುತ್ತದೆ, ಜರೀನಾ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ನಾಳೆ ಮೊದಲ ಬಸ್ಸಿಗೆ ಪಟ್ಟಣಕ್ಕೆ ಬರುತ್ತೇನೆ. ಗರಗಸ, ಕಂಚು ಉಜ್ಜುವ ಅರ, ಒಂದು ಉಂಡೆ ಮೇಣ ತರುತ್ತೇನೆ. ನಾನು ಮುಚ್ಚಿದ ಕಡೆ ಗೋಡೆ ಕೊಯ್ಯುವುದೋ ಬಿಡುವುದೋ, ನನ್ನನ್ನು ಒಳಗೆ ಕರೆಯುವುದೋ ಬಾಗಿಲಲ್ಲೇ ನಿಲ್ಲಿಸುವುದೋ—ನಿನ್ನಿಷ್ಟ. ಬಾಗಿಲಲ್ಲಿ ನಿಂತಾದರೂ ಹೇಳಿಬಿಡುತ್ತೇನೆ: ನಿನ್ನ ಮೇಣ ಸರಿಯಾಗಿತ್ತು.