ಎಂಜಲು ಗಾಳಿಯ ವಿರುದ್ಧ ಒಂದು ಬೆಳಗು

ಬೆಳಕು ಹರಿಯುತ್ತಿದೆ. ಗಾಳಿ ವಿದ್ಯುತ್ ಘಟಕದ ಕಂಟ್ರೋಲ್ ರೂಮಿನಲ್ಲಿ, ಎಲ್ಲರೂ ಗಾಳಿಯಕ್ಕ ಎಂದೇ ಕರೆಯುವ ಆಪರೇಟರ್ ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಟೀ ಆರಿ ಕೆನೆಗಟ್ಟಿದೆ. ಪರದೆಯಿಂದ ಕಣ್ಣು ಕೀಳುತ್ತಿಲ್ಲ. ಗುಡ್ಡದ ಮೇಲಿನ ಆರು ಗಾಳಿಯಂತ್ರಗಳ ಸಾಲಿಗೆ ಇವತ್ತು ಗಾಳಿ ಮುಂದಿನಿಂದ ಹಿಂದಕ್ಕೆ ನೇರ ಬೀಸುತ್ತಿದೆ. ಇದಕ್ಕಾಗಿಯೇ ಅವರು ವಾರವಿಡೀ ಕಾದಿದ್ದು.

ಅನ್ಯಾಯ ನಡೆಯುವುದೂ ಇಂಥ ಗಾಳಿಯಲ್ಲೇ. ಮುಂದಿನ ಯಂತ್ರ ಸತ್ವವನ್ನೆಲ್ಲ ಹೀರುತ್ತದೆ. ಹಿಂದಿನವಕ್ಕೆ ಸಿಗುವುದು ಸೋತು ಸುಳಿಸುತ್ತುವ ಎಂಜಲು ಗಾಳಿ. ಅವು ಕಡಿಮೆ ತಿರುಗುತ್ತವೆ, ಹೆಚ್ಚು ನಡುಗುತ್ತವೆ, ಬೇಗ ಕೆಡುತ್ತವೆ. ಬೈಗುಳ ಮಾತ್ರ ಅವನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗಳಿಗೆ. ತಿಂಗಳು ತಿಂಗಳೂ ಸೋಮಾರಿಗಳೆಂಬ ಹಣೆಪಟ್ಟಿ. ಗಾಳಿ ನುಂಗಿದವರು ಯಾರೋ, ಗೂಸಾ ತಿಂದವರು ಯಾರೋ.

ಗಾಳಿಯಕ್ಕನೂ ಮೊದಲು ಮೆಕ್ಯಾನಿಕ್ಕೇ. ಏಣಿ ಹತ್ತಿ ಹತ್ತಿ ಮಂಡಿ ಕೈಕೊಟ್ಟ ಮೇಲೆ ಕುರ್ಚಿಗೆ ಬಂದವರು. ಮುಂದಿನ ಯಂತ್ರದ ಮೂಗನ್ನು, ಅಂದರೆ ರೆಕ್ಕೆಗಳಿರುವ ಮುಖವನ್ನು, ಗಾಳಿಗೆ ಇಪ್ಪತ್ತು ಡಿಗ್ರಿ ಓರೆ ಮಾಡಿದರೆ ಎಂಜಲು ಗಾಳಿ ಪಕ್ಕಕ್ಕೆ ಸರಿಯುತ್ತದೆ. ಮುಂದಿನದು ಕಳೆದುಕೊಳ್ಳುವುದಕ್ಕಿಂತ ಹಿಂದಿನವು ಗಳಿಸುವುದೇ ಹೆಚ್ಚು. ಲೆಕ್ಕ ಹಾಕಿದ್ದು ಎಂಜಿನಿಯರ್ ಹುಡುಗಿ. ಮೇಲಿನವರ ಬೆನ್ನು ಬಿದ್ದು ಪರೀಕ್ಷೆಗೆ ಒಪ್ಪಿಸಿದ್ದು ಗಾಳಿಯಕ್ಕ. ಸಿಕ್ಕಿದ್ದು ಇದೊಂದೇ ಬೆಳಗು. ಒಟ್ಟು ವಿದ್ಯುತ್ ಏರದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಯಂತ್ರ ಇರುವುದು ಅವರ ಭಾವನ ಸುಪರ್ದಿನಲ್ಲಿ. ದೊಡ್ಡಕ್ಕನ ಗಂಡ, ಕೆಲಸ ಕಲಿಸಿದ ಗುರುವೂ ಹೌದು. ತಮ್ಮ ಯಂತ್ರವೇ ಸದಾ ಮೊದಲೆಂದು ಎದೆಯುಬ್ಬಿಸುವ ಆಸಾಮಿ. ಅದರ ಮೂಗು ತಿರುಗಿಸಿದರೆ ತಮ್ಮ ಮೂಗನ್ನೇ ಕೊಯ್ದಂತೆ ಅವರಿಗೆ. ಈಗ ಗೋಪುರದ ಬುಡದಲ್ಲಿ ನಿಂತಿದ್ದಾರೆ. ಅಲ್ಲಿನ ಸ್ವಿಚ್ ತಿರುಗಿಸಿಬಿಟ್ಟರೆ ಯಂತ್ರ ಅವರ ಹಿಡಿತಕ್ಕೆ ಹೋಗುತ್ತದೆ, ಕಂಟ್ರೋಲ್ ರೂಮಿನ ಆಟ ನಡೆಯುವುದಿಲ್ಲ.

ಗಾಳಿಯಕ್ಕ ಬಟನ್ ಒತ್ತುತ್ತಾರೆ. ಮೂಗು ಓರೆಯಾಗುತ್ತದೆ. ಮುಂದಿನದರ ಅಂಕಿ ಇಳಿಯುತ್ತದೆ. ಹಿಂದಿನವು ಇದ್ದಲ್ಲೇ ಇವೆ. ಒಟ್ಟು ಕುಸಿಯುತ್ತದೆ. ವಾಕಿಟಾಕಿಯಲ್ಲಿ ಭಾವ ಕೆರಳುತ್ತಾರೆ.

"ನೋಡಿದ್ಯಾ ತಾಯಿ? ಉಣ್ಣೋನ ತಟ್ಟೆ ಕಿತ್ಕೊಂಡೆ, ಯಾರ ಹೊಟ್ಟೆ ತುಂಬ್ತು? ಸ್ವಿಚ್ ಮೇಲೇ ಕೈ ಇಟ್ಟಿದ್ದೀನಿ."

"ತಡೀರಿ ಭಾವ. ಗಾಳಿ ಅಷ್ಟು ದೂರ ಹೋಗಿ ಮುಟ್ಟಬೇಡ್ವಾ? ನಾನು ಹಿಂದಿನ ಯಂತ್ರ ಹತ್ತಿದಾಗ, ಅದರ ನಡುಕಕ್ಕೆ ಎಲ್ಲಿ ಬೀಳ್ತೀನೋ ಅಂತ ಹೆದರಿ ನನ್ನನ್ನ ಹಗ್ಗದಲ್ಲಿ ಬಿಗಿದಿದ್ದು ನೀವೇ ಅಲ್ವಾ. ಮರೆತ್ರಾ?"

ಗಾಳಿಯಕ್ಕನ ಪಕ್ಕದಲ್ಲಿ ಎಂಜಿನಿಯರ್ ಹುಡುಗಿ ಉಗುರು ಕಚ್ಚುತ್ತಿದ್ದಾಳೆ. ಎರಡನೆಯ ಯಂತ್ರದ ಅಂಕಿ ಅಲುಗುತ್ತದೆ, ಏರುತ್ತದೆ. ಮೂರನೆಯದು. ನಾಲ್ಕನೆಯದು. ಕಡೆಯದಕ್ಕೂ ಜೀವ ಬರುತ್ತದೆ. ಒಟ್ಟು ಹಳೆಯ ಗೆರೆ ಮುಟ್ಟಿ, ದಾಟಿ, ಇನ್ನೂ ಏರುತ್ತಿದೆ. ಹುಡುಗಿ ಮೇಜು ಗುದ್ದಿದ ರಭಸಕ್ಕೆ ಟೀ ಚೆಲ್ಲುತ್ತದೆ.

"ನಂದೊಂದು ಇಳಿದಿದೆ. ಅದನ್ನೂ ಬರ್ಕೋ," ಭಾವನ ದನಿ.

"ಬರ್ದಿದ್ದೀನಿ. ಅದು ಬಾಗಿದ್ದಕ್ಕೇ ಉಳಿದವು ಎದ್ವು ಅಂತ."

ಒಂದು ಕೆಮ್ಮು ಕೇಳುತ್ತದೆ. ಸ್ವಿಚ್ ತಿರುಗುವುದಿಲ್ಲ.

ಇದರಿಂದ ನಿಮಗೇನು ಸಿಗಬೇಕೆಂದು ಹುಡುಗಿ ಕೇಳಿದರೆ ಗಾಳಿಯಕ್ಕ ಮಂಡಿ ನೀವಿಕೊಳ್ಳುತ್ತಾರೆ. "ನನಗೇನು? ಇನ್ಮೇಲೆ ಮೇಲಿನವರು ಆರಕ್ಕೂ ಸೇರಿಸಿ ಒಂದೇ ಲೆಕ್ಕ ಬರೀಲಿ. ಹಿಂದಿನ ಯಂತ್ರಗಳ ಹುಡುಗ್ರು ತಲೆ ಎತ್ಕೊಂಡು ಊಟಕ್ಕೆ ಬರಲಿ."