ಎಂಟು ಆಂಪಿಯರಿನ ಒಲೆ

ಕೆಟ್ಟ ಕರೆಂಟ್ ಒಲೆಯನ್ನು ರಿಪೇರಿ ಮಾಡಿದಷ್ಟೂ ಅದು ಚುರುಕಾಗುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನು ಗಮನಿಸಿದ್ದೆ. ಗಮನಿಸಿ, ಅದು ನನ್ನ ಕೈಗುಣ ಎಂದು ತೀರ್ಮಾನಿಸಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಹೊಗಳಿಕೆ ಸಿಗುವ ಜಾಗಗಳು ಕಡಿಮೆ, ಸಿಕ್ಕಲ್ಲಿ ಬಾಚಿಕೊಳ್ಳುತ್ತೇವೆ.

ಸುರುಳಿ ತಂತಿಯ ಹಳೇ ಒಲೆ ಅದು. ಬಿಳಿ ಮಣ್ಣಿನ ಬಿಲ್ಲೆಯ ಕಾಲುವೆಯಲ್ಲಿ ತಂತಿ ಕೆಂಪಗೆ ಮಲಗಿರುತ್ತಿತ್ತು. ಅದು ಸುಟ್ಟು ತುಂಡಾದಾಗೆಲ್ಲ ಗುಬ್ಬಿಯ ನನ್ನ ಅಡುಗೆಮನೆಯಲ್ಲಿ ಇಕ್ಕಳ ಹಿಡಿದು ಕೂರುತ್ತಿದ್ದೆ. ಸುಟ್ಟ ಭಾಗ ಕತ್ತರಿಸಿ ಎಸೆದು, ಉಳಿದ ಎರಡು ತುದಿಗಳನ್ನು ಹೆಣೆದು, ಎಳೆದು ಕೂರಿಸಿದರೆ ಮುಗಿಯಿತು. ಹೀಗೆ ಐದು ಸಲ. ಪ್ರತಿ ಸಲವೂ ತಂತಿ ಗಿಡ್ಡವಾಯಿತು, ಅನ್ನ ಇನ್ನೂ ಬೇಗ ಬೆಂದಿತು. ಬೀದಿಯ ಬೇರೆ ಒಲೆಗಳೂ ನನ್ನ ಬಾಗಿಲಿಗೆ ಬಂದವು.

ನನ್ನ ತಮ್ಮ ಮಂಜನಿಗೆ ಮಗುವಾದಾಗ, ಮಗುವಿನ ನೀರು ಕಾಯಿಸಲು ಇರಲಿ ಎಂದು ಆ ಒಲೆಯನ್ನೇ ಕುಣಿಗಲ್ಲಿನ ಅವನ ಹೊಸ ಮನೆಗೆ ಕೊಟ್ಟೆ. ಆ ಮನೆಗೆ ವೈರಿಂಗ್ ಮಾಡಿದವನು ಕೊತ್ತಗೆರೆಯ ಶಿವಣ್ಣ, ಮಂಜನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಒಲೆ ಕೊಟ್ಟು ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಒಲೆಯ ಪ್ಲಗ್ ಹಾಕಿದ್ದ ಪಾಯಿಂಟು ಕರಗಿ, ಪಕ್ಕದ ಪರದೆಗೆ ಬೆಂಕಿ ಹತ್ತಿತು. ಮಗುವಿಗೇನೂ ಆಗಲಿಲ್ಲ. ಪ್ಲಗ್ ಕಿತ್ತ ಮಂಜನ ಬಲಗೈ ಸುಟ್ಟಿತು. ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಾನು ಓಡಿಹೋಗುವಷ್ಟರಲ್ಲಿ ಮಂಜ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬೀದಿಯಲ್ಲಿ ನಿಂತಿದ್ದ. ಎದುರಿಗೆ ಶಿವಣ್ಣ.

“ಮನೆ ಸುಡೋಕೆ ವೈರಿಂಗ್ ಮಾಡ್ಕೊಟ್ಯೇನ್ಲಾ? ಮಗೀಗೇನಾದ್ರೂ ಆಗಿದ್ರೆ?”

ಶಿವಣ್ಣ ಒಳಗೆ ಹೋಗಿ ಒಲೆಯನ್ನು ಎತ್ತಿ, ತಿರುಗಿಸಿ ನೋಡಿ, ನನ್ನನ್ನು ಮೆಲ್ಲಗೆ ಕೇಳಿದ: “ಅಕ್ಕ, ಈ ಕಾಯಿಲ್‌ಗೆ ಏನಾದ್ರೂ ಮಾಡಿದ್ರಾ?”

“ಇಲ್ಲ ಕಣಪ್ಪ. ತಂದಾಗ ಹೆಂಗಿತ್ತೋ ಹಂಗೇ ಐತೆ.”

ಅವನು ನನ್ನ ಮುಖವನ್ನೊಮ್ಮೆ ನೋಡಿ ಒಲೆಯನ್ನು ಕೆಳಗಿಟ್ಟ.

ಅಲ್ಲಿಂದ ಎರಡು ವರ್ಷ ಅವರಿಬ್ಬರಿಗೂ ಮಾತಿಲ್ಲ. ಆ ಬೀದಿಯಲ್ಲಿ ಶಿವಣ್ಣನನ್ನು ಯಾರೂ ಒಂದು ಬಲ್ಬು ಹಾಕಲೂ ಕರೆಯಲಿಲ್ಲ. ಅವನು ತುಮಕೂರಿನಲ್ಲಿ ಬೇರೆಯವರ ಕೈಕೆಳಗೆ ದಿನಗೂಲಿಗೆ ಹೋಗತೊಡಗಿದ. ಒಲೆ ಗುಬ್ಬಿಗೆ ವಾಪಸ್ಸು ಬಂತು. ನಮ್ಮ ಮನೆಯಲ್ಲಿರುವುದು ದಪ್ಪ, ಸಣ್ಣ ಪಿನ್ನು ಎರಡೂ ಹಿಡಿಯುವ ದೊಡ್ಡ ಪಾಯಿಂಟು, ಅಲ್ಲಿ ಏನೂ ಆಗಲಿಲ್ಲ. ಅದನ್ನೇ ನನಗೆ ನಾನೇ ಸಾಕ್ಷಿಯಾಗಿ ತೋರಿಸಿಕೊಂಡೆ: ನೋಡು, ಒಲೆಯಲ್ಲಿ ದೋಷವಿಲ್ಲ. ನಿಜಕ್ಕೂ ನನಗೆ ಕಾರಣ ಗೊತ್ತಿರಲಿಲ್ಲ. ಆದರೆ ಏನೂ ಗೊತ್ತಿಲ್ಲದವಳು ಸುಳ್ಳು ಯಾಕೆ ಹೇಳಿದಳು? ಈ ಪ್ರಶ್ನೆ ಅನ್ನ ಬೇಯುವ ಹೊತ್ತಿನಲ್ಲೇ ಬರುತ್ತಿತ್ತು. ಅನ್ನ ಬೇಗ ಬೇಯುತ್ತಿದ್ದುದರಿಂದ ಬೇಗ ಹೋಗುತ್ತಲೂ ಇತ್ತು.

ಈಚೆಗೆ ಕ್ಯಾತ್ಸಂದ್ರದಲ್ಲಿ ಹೆಂಗಸರಿಗೆ ಮನೆಸಾಮಾನು ರಿಪೇರಿಯ ತರಬೇತಿ ಇದೆ ಎಂದು ಕೇಳಿ ಸೇರಿದೆ. ಹೇಗೂ ನುರಿತ ಕೈ ಎಂಬ ಜಂಬ ಬೇರೆ. ಮೂರನೇ ದಿನ ಮೇಡಂ ಮನೆಯಿಂದ ಒಂದೊಂದು ಸಾಮಾನು ತರಲು ಹೇಳಿದರು. ಉಳಿದವರು ಇಸ್ತ್ರಿಪೆಟ್ಟಿಗೆ, ಮಿಕ್ಸಿ ತಂದರು. ನಾನು ನನ್ನ ಕೀರ್ತಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ.

ಲೆಕ್ಕ ಸುಲಭದ್ದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೆಸಿಸ್ಟೆನ್ಸ್, ಎರಡನ್ನೂ ಗುಣಿಸಿದರೆ ಪವರ್. ಒಲೆಗೆ ಜೋಡಿಸಿದ ಮೀಟರು ಇನ್ನೂರಿಪ್ಪತ್ತು ವೋಲ್ಟ್, ಎಂಟು ಆಂಪಿಯರ್ ತೋರಿಸಿತು. ಭಾಗಿಸಿದೆ: ಇಪ್ಪತ್ತೇಳೂವರೆ ಓಮ್. ಗುಣಿಸಿದೆ: ಸಾವಿರದ ಏಳುನೂರ ಅರವತ್ತು ವ್ಯಾಟ್. ಒಲೆಯ ತಳದಲ್ಲಿ ಬರೆದಿದ್ದದ್ದು ಸಾವಿರ. ಮತ್ತೆ ಮಾಡಿದೆ, ಇನ್ನೊಮ್ಮೆ ಮಾಡಿದೆ. ಶಾಲೆಯಲ್ಲಿ ಲೆಕ್ಕ ಸರಿಯಾಗಲಿ ಎಂದು ಬೇಡಿಕೊಂಡವಳು ಅವತ್ತು ತಪ್ಪಾಗಲಿ ಎಂದು ಬೇಡಿಕೊಂಡೆ.

ಮೇಡಂ ತಂತಿಯ ಗಂಟುಗಳನ್ನು ಎಣಿಸಿದರು. “ಯಾರ್ರೀ ಇದನ್ನ ಕಟ್ಟಿದ್ದು? ಗಿಡ್ಡ ಮಾಡ್ದಷ್ಟೂ ರೆಸಿಸ್ಟೆನ್ಸ್ ಕಮ್ಮಿ, ಕರೆಂಟ್ ಜಾಸ್ತಿ ಎಳೆಯುತ್ತೆ. ಐದು ಆಂಪಿಯರ್ ಪಾಯಿಂಟಿಗೆ ಹಾಕಿದ್ರೆ ಗೋಡೆ ಸುಡುತ್ತೆ.”

ತಂತಿಯೆಂಬುದು ಕರೆಂಟಿಗೆ ಹಂಪು ತುಂಬಿದ ರಸ್ತೆ. ನಾನು ಒಂದೊಂದೇ ಹಂಪು ಕಿತ್ತು ಹಾಕಿ, ಬಸ್ಸು ಜೋರಾಗಿ ಓಡಿದ್ದನ್ನು ಕೈಗುಣ ಅಂದುಕೊಂಡಿದ್ದೆ. ಮಂಜನ ಅಡುಗೆಮನೆಯ ಪಾಯಿಂಟು ಐದು ಆಂಪಿಯರಿನದೇ. ಒಲೆ ಮೊದಲಿನಂತೆ ಇದ್ದಿದ್ದರೆ ನಾಲ್ಕೂವರೆ ಸಾಕಿತ್ತು. ಶಿವಣ್ಣ ಸರಿಯಾಗಿಯೇ ಹಾಕಿದ್ದ.

ಅವತ್ತು ಗುಬ್ಬಿಗೆ ಹೋಗಲಿಲ್ಲ. ಚೀಲ ಹೊತ್ತು ಕುಣಿಗಲ್ ಬಸ್ಸು ಹತ್ತಿದೆ. ಮಂಜನಿಗೆ ಹೇಳಬೇಕಾದ ಮಾತನ್ನು ಸೀಟಿನಲ್ಲಿ ಕೂತು ಕಟ್ಟಿದೆ: ನನಗೆ ಓದು ಇರಲಿಲ್ಲ, ಒಳ್ಳೆಯದಕ್ಕೇ ಕೊಟ್ಟೆ, ಎಲ್ಲರೂ ಹೀಗೇ ಮಾಡುತ್ತಾರೆ, ಅವತ್ತು ಭಯವಾಗಿತ್ತು. ಉದ್ದದ ಮಾತು, ಎಲ್ಲೂ ಸುಡುವುದಿಲ್ಲ. ಗೂಳೂರು ದಾಟುವಾಗ ಓದಿನ ಮಾತು ನನಗೇ ನಾಚಿಕೆಯಾಗಿ ಬಿದ್ದುಹೋಯಿತು. ಹೆಬ್ಬೂರಿನಲ್ಲಿ ‘ಎಲ್ಲರೂ’ ಇಳಿದುಹೋದರು. ಮಂಜನ ಬಾಗಿಲಲ್ಲಿ ನಿಂತಾಗ ಬಾಯಲ್ಲಿ ಉಳಿದಿದ್ದದ್ದು ಇಷ್ಟೇ:

“ನಿನ್ ಕೈ ಸುಟ್ಟಿದ್ದು ನಾನು ಕಣೋ. ಶಿವಣ್ಣಂಗೆ ಸುಳ್ಳು ಹೇಳ್ದೆ.”

ಗಿಡ್ಡವಾದಷ್ಟೂ ಕಾವು ಹೆಚ್ಚು ಎಂಬುದು ಮಾತಿಗೂ ಅನ್ವಯಿಸುತ್ತದೆ ಎಂದು ಆಗ ತಿಳಿಯಿತು. ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ಮಂಜ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮಡಚದ ಬೆರಳುಗಳಲ್ಲೇ ಫೋನಿನ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ನನ್ನ ಮುಂದೆ ಹಿಡಿದ. “ನನ್‌ಗಲ್ಲ. ಅವನ್ಗೇಳು.”

ಹೇಳಿದೆ. ಆ ಕಡೆ ಬಿಲ್ಡಿಂಗ್ ಕೆಲಸದ ಸದ್ದಿನ ನಡುವೆ ಶಿವಣ್ಣ ಕೇಳಿದ:

“ಎಷ್ಟು ಆಂಪಿಯರ್ ಬಂತಕ್ಕ?”

“ಎಂಟು.”

“ಎಂಟಾ? ನಾನು ಏಳು ಅಂದ್ಕಂಡಿದ್ದೆ.”

ಮಂಜ ತಲೆ ತಗ್ಗಿಸಿದ. ಎರಡು ವರ್ಷದಿಂದ ಗೊತ್ತಿದ್ದೂ, ಗೆಳೆಯನ ಅಕ್ಕನನ್ನು ಸುಳ್ಳಿ ಅನ್ನಲಾರದೆ ಶಿವಣ್ಣ ದಿನಗೂಲಿಗೆ ಹೋಗಿದ್ದ.

“ಒಲೆ ಎಲ್ಲೈತೆ ಈಗ?”

“ಇಲ್ಲೇ, ಚೀಲದಲ್ಲಿ.”

“ಪ್ಲಗ್ ಹಾಕ್ಬ್ಯಾಡಿ. ಸಾಯಂಕಾಲ ಬತ್ತೀನಿ.”

ಮಂಜ ಎದ್ದು ಒಳಗೆ ಹೋದ. ಸುಟ್ಟ ಗೋಡೆಯ ಮುಂದೆ ಎರಡು ವರ್ಷದಿಂದ ಅಡ್ಡವಿಟ್ಟಿದ್ದ ಬೀರುವನ್ನು ಒಬ್ಬನೇ ಸರಿಸುತ್ತಿದ್ದ ಸದ್ದು ಕೇಳಿಸಿತು. ನಾನೂ ಹೋಗಿ ಇನ್ನೊಂದು ತುದಿ ಹಿಡಿದೆ.